ಸಿಂಗಪುರದ ಮನೆಕೆಲಸದವರ ಲೆವಿ: ವಸೂಲಿ ಅಚ್ಚುಕಟ್ಟು, ನ್ಯಾಯ ಅರೆಬರೆ

ಸಿಂಗಪುರದಲ್ಲಿ ಹೊರದೇಶದ ಹೆಣ್ಣುಮಗಳೊಬ್ಬಳನ್ನು ಮನೆಕೆಲಸಕ್ಕೆ ನೇಮಿಸಿಕೊಂಡ ಕುಟುಂಬ ಪ್ರತಿ ತಿಂಗಳೂ ಎರಡು ಕಡೆ ಹಣ ಕೊಡುತ್ತದೆ. ಒಂದು ಆಕೆಯ ಕೈ ಸೇರುವ ಸಂಬಳ; ಇನ್ನೊಂದು ಲೆವಿ, ಅಂದರೆ ವಿದೇಶಿ ಕೆಲಸದವರನ್ನು ಇಟ್ಟುಕೊಂಡದ್ದಕ್ಕೆ ಮಾನವಶಕ್ತಿ ಸಚಿವಾಲಯ ವಸೂಲು ಮಾಡುವ ತೆರಿಗೆಯಂಥ ಮೊತ್ತ. ಸಂಬಳ ಎಷ್ಟಿರಬೇಕು, ಯಾವ ಏಜೆನ್ಸಿ ಒಳ್ಳೆಯದು, ವಿಮೆ ಯಾವುದು ಅಗ್ಗ ಎಂಬುದನ್ನೆಲ್ಲ ನಮ್ಮವರು ಸೇರಿದಲ್ಲೆಲ್ಲ ಚರ್ಚಿಸುತ್ತಾರೆ. ಲೆವಿಯ ಮಾತು ಬಂದಾಗ ಮಾತ್ರ 'ಅದೇನು ಮಾಡೋಕಾಗುತ್ತೆ, ಸರ್ಕಾರದ್ದು' ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹೀಗೆ ಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪೂರ್ತಿ ದರದಲ್ಲಿ ಕಟ್ಟುವ ಮನೆಗೆ ಇದು ವರ್ಷಕ್ಕೆ 3,600 ಸಿಂಗಪುರ ಡಾಲರ್‌ಗಳ ಖರ್ಚು. ಇಷ್ಟು ಹಣ ತೆತ್ತು ಪಡೆಯುವ ಬೇರೆ ಯಾವುದೇ ಸೇವೆಯ ಬಗ್ಗೆ ನಾವು ಏನು ಕೊಟ್ಟೆವು, ಏನು ಸಿಕ್ಕಿತು, ಹೊರೆ ಯಾರ ಮೇಲೆ ಬಿತ್ತು ಎಂದು ವಿಚಾರಿಸುತ್ತೇವೆ. ಅದೇ ಪ್ರಶ್ನೆಗಳನ್ನು ಲೆವಿಗೂ ಕೇಳಿ, ಉದ್ಯೋಗದಾತ ಕುಟುಂಬವೊಂದರ ಕಣ್ಣಿನಿಂದ ಅದನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚುತ್ತೇನೆ. ವಸೂಲಿಯ ವ್ಯವಸ್ಥೆಯಾಗಿ ನೋಡಿದರೆ ಇದರಲ್ಲಿ ಹೆಸರಿಡುವಂಥದ್ದು ಕಡಿಮೆ. ಬ್ಯಾಂಕಿನ ಗೈರೋ ಸೌಲಭ್ಯದ ಮೂಲಕ ತಿಂಗಳ 17ನೇ ತಾರೀಖು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ, ಹಣ ತಾನಾಗಿಯೇ ಖಾತೆಯಿಂದ ಕಡಿತವಾಗುತ್ತದೆ. ತಿಂಗಳ ನಡುವೆ ಕೆಲಸದಾಕೆ ಬಂದರೂ ಹೋದರೂ ದಿನದ ಲೆಕ್ಕ ಹಿಡಿಯುತ್ತಾರೆ: 300 ಡಾಲರ್‌ಗಳ ಪೂರ್ತಿ ದರಕ್ಕೆ ದಿನವೊಂದಕ್ಕೆ 9.87; ಮಕ್ಕಳು, ಹಿರಿಯರು ಅಥವಾ ಅಂಗವಿಕಲರಿರುವ ಅರ್ಹ ಮನೆಗಳಿಗೆ ಸಿಗುವ ರಿಯಾಯಿತಿಯ 60 ಡಾಲರ್ ದರಕ್ಕೆ 1.98. ಆಕೆ ಸತತ ಏಳು ದಿನಕ್ಕೆ ಕಡಿಮೆಯಿಲ್ಲದಂತೆ ರಜೆಯ ಮೇಲೆ ತವರಿಗೆ ಹೋದರೆ, ವರ್ಷಕ್ಕೆ 60 ದಿನಗಳ ಮಿತಿಯೊಳಗೆ ಆ ದಿನಗಳ ಲೆವಿಯನ್ನು ಮನ್ನಾ ಮಾಡಿಸಿಕೊಳ್ಳಬಹುದು. ಆಸ್ಪತ್ರೆಗೆ ದಾಖಲಾದ ದಿನಗಳಿಗೂ ಇಂಥದೇ ಅವಕಾಶವಿದೆ. ಕಟ್ಟುವುದು ತಡವಾದರೆ ತಿಂಗಳಿಗೆ ಶೇ 2 ಅಥವಾ 20 ಡಾಲರ್, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ. ನಿಯಮಗಳೆಲ್ಲ ಸರಳ ಭಾಷೆಯಲ್ಲಿ ಪ್ರಕಟವಾಗಿವೆ, ಯಾರ ಕೈಕಾಲನ್ನೂ ಹಿಡಿಯಬೇಕಿಲ್ಲ. ಸರ್ಕಾರಿ ಕಚೇರಿಗಳ ಮುಂದೆ ಸಾಲುಗಟ್ಟಿ ನಿಂತು ಬೆಳೆದ ನಮಗೆ ಇದರ ಬೆಲೆ ಚೆನ್ನಾಗಿಯೇ ಗೊತ್ತು.

ನನ್ನ ತಕರಾರು ಹಣ ಸಂಗ್ರಹಿಸುವ ರೀತಿಯ ಬಗ್ಗೆಯಲ್ಲ. ಯಾರಿಂದ ಎಷ್ಟು ಮತ್ತು ಯಾತಕ್ಕೆ ಎಂಬುದರ ಬಗ್ಗೆ.

ದರಗಳನ್ನು ತಿಳಿಯದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುವುದು ಅಗತ್ಯ. ವಿದೇಶಿ ಮನೆಕೆಲಸದವರನ್ನು ಕರೆತರುವ ಯೋಜನೆಯನ್ನು ಸಿಂಗಪುರ ಆರಂಭಿಸಿದ್ದು 1978ರಲ್ಲಿ. ಸ್ಥಳೀಯ ಹೆಣ್ಣುಮಕ್ಕಳು ಕಾರ್ಖಾನೆ, ಕಚೇರಿಗಳ ಕೆಲಸಕ್ಕೆ ಹೊರಡಬೇಕಿದ್ದರೆ ಮನೆಯನ್ನು ನೋಡಿಕೊಳ್ಳುವ ಕೈಗಳು ಬೇಕಿದ್ದವು. ಲೆವಿ ಸೇರಿಕೊಂಡದ್ದು ಆಮೇಲೆ, ಮತ್ತು ಅದರ ಮೊತ್ತ ಹಲವು ಬಾರಿ ಏರಿಳಿದಿದೆ. ಈಚಿನ ಎರಡು ತಿರುವುಗಳು ಮುಖ್ಯವಾದವು. 2015ರ ಮೇ ತಿಂಗಳಿನಿಂದ ರಿಯಾಯಿತಿ ದರವನ್ನು 120 ಡಾಲರ್‌ನಿಂದ 60ಕ್ಕೆ ಇಳಿಸಿ, ಅದಕ್ಕೆ ಅರ್ಹವಾಗುವ ಮಕ್ಕಳ ವಯಸ್ಸನ್ನು 12ರೊಳಗಿನವರು ಎಂಬುದರಿಂದ 16ರೊಳಗಿನವರು ಎಂಬುದಕ್ಕೆ ವಿಸ್ತರಿಸಲಾಯಿತು. 2019ರ ಏಪ್ರಿಲ್‌ನಿಂದ ಪೂರ್ತಿ ದರವನ್ನು 265ರಿಂದ 300ಕ್ಕೆ, ರಿಯಾಯಿತಿ ಇಲ್ಲದೆ ಎರಡನೆಯವರನ್ನು ನೇಮಿಸಿಕೊಳ್ಳುವ ಮನೆಗಳಿಗೆ 450ಕ್ಕೆ ಏರಿಸಿ, ಹಿರಿಯರ ಹೆಸರಿನಲ್ಲಿ ಪಡೆಯುವ ರಿಯಾಯಿತಿಗೆ ಬೇಕಾದ ವಯಸ್ಸನ್ನು 65ರಿಂದ 67ಕ್ಕೆ ತಳ್ಳಲಾಯಿತು. ಹೀಗಾಗಿ ಇಂದು ಒಂದೇ ಕೆಲಸಕ್ಕೆ ಒಂದು ಮನೆ ತಿಂಗಳಿಗೆ 60 ಕಟ್ಟಿದರೆ ಮತ್ತೊಂದು ಅದರ ಐದು ಪಟ್ಟು ಕಟ್ಟುತ್ತದೆ. ಈ ಐದು ಪಟ್ಟಿನ ವ್ಯತ್ಯಾಸವನ್ನು ನಿರ್ಧರಿಸುವುದು ಯಾವುದು ಎಂದು ನೋಡಿದರೆ ನ್ಯಾಯದ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಮಗಳು ಸಿಂಗಪುರದ ಪ್ರಜೆ, ಹೈಸ್ಕೂಲು ವಿದ್ಯಾರ್ಥಿನಿ. ಬೆಳಗ್ಗೆ ತಾನೇ ಎದ್ದು, ತಾನೇ ಬಸ್ಸು ಹಿಡಿದು ಶಾಲೆಗೆ ಹೋಗಿ, ಸಂಜೆ ಬಂದು ತನ್ನ ಊಟ ತಾನೇ ಬಡಿಸಿಕೊಳ್ಳಬಲ್ಲವಳು. ಆಕೆಗೆ ಇನ್ನೂ 16 ತುಂಬಿಲ್ಲ ಎಂಬ ಒಂದೇ ಕಾರಣಕ್ಕೆ ನಾವು ಕಟ್ಟುವುದು 60 ಡಾಲರ್. ಅದೇ ಮಹಡಿಯಲ್ಲಿ ಧಾರವಾಡದ ಕಡೆಯ ಇನ್ನೊಂದು ಕುಟುಂಬವಿದೆ. ಗಂಡಹೆಂಡಿರಿಬ್ಬರೂ ಕಾಯಂ ನಿವಾಸಿಗಳು, ಮಗುವೂ ಅಷ್ಟೇ. ಅದಕ್ಕೆ ಇನ್ನೂ ಶಾಲೆಗೆ ಹೋಗುವ ವಯಸ್ಸಾಗಿಲ್ಲ. ಗಂಡನ ತಾಯಿ ದೀರ್ಘಾವಧಿ ಭೇಟಿ ಪಾಸಿನ ಮೇಲೆ ಅವರ ಜೊತೆಗಿದ್ದಾರೆ, ಪಾರ್ಶ್ವವಾಯು ಹೊಡೆದ ಮೇಲೆ ಅವರ ಎಡಗೈ ಸ್ವಾಧೀನದಲ್ಲಿಲ್ಲ. ಅವರ ಮನೆಯ ಹೆಲ್ಪರ್ ಒಂದು ಕೈಯಲ್ಲಿ ಮಗುವಿನ ಬಟ್ಟಲು ಹಿಡಿದು, ಇನ್ನೊಂದು ಕೈಯಿಂದ ಅಜ್ಜಿಯ ಸೀರೆಯ ನೆರಿಗೆ ಸಿಕ್ಕಿಸುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಆ ಮನೆ ಕಟ್ಟುವುದು 300. ನಿಜವಾದ ಆರೈಕೆಯ ಅಗತ್ಯ ಯಾವ ಮನೆಯಲ್ಲಿದೆ ಎಂಬುದಕ್ಕೆ ತಜ್ಞರ ವರದಿ ಬೇಕಿಲ್ಲ. ಆದರೂ ಮಗುವಿನ ಹೆಸರಿನಲ್ಲಿ ರಿಯಾಯಿತಿ ಬೇಕೆಂದರೆ ಆ ಮಗು ಪ್ರಜೆಯಾಗಿರಬೇಕು; ಹಿರಿಯರ ವಿಚಾರದಲ್ಲೂ ಹಾಗೆಯೇ.

ಪ್ರಜೆಗಳಿಗೆ ಮೊದಲ ಆದ್ಯತೆ ಕೊಡುವುದು ಯಾವ ದೇಶಕ್ಕೂ ತಪ್ಪಲ್ಲ, ಅದನ್ನು ನಾನು ಪ್ರಶ್ನಿಸುತ್ತಲೂ ಇಲ್ಲ. ಆದರೆ ಪ್ರಜೆಗಳ ನಡುವೆಯೇ ಈ ಅಳತೆಗೋಲು ಸೊಟ್ಟಗಿದೆ. ಹದಿನೈದು ವರ್ಷದ ಆರೋಗ್ಯವಂತ ಮಗನಿರುವ ಶ್ರೀಮಂತ ಪ್ರಜೆ 60 ಕಟ್ಟುತ್ತಾನೆ. 66 ವರ್ಷದ, ಮಂಡಿ ಸವೆದು ಮೆಟ್ಟಿಲಿಳಿಯಲು ಕಷ್ಟಪಡುವ ವಿಧವೆ ತಾಯಿಯನ್ನು ಒಬ್ಬಳೇ ದುಡಿದು ಸಾಕುವ ಅವಿವಾಹಿತ ಮಗಳು, ಅವಳೂ ಪ್ರಜೆಯೇ, 300 ಕಟ್ಟುತ್ತಾಳೆ. ಅಂಗವೈಕಲ್ಯದ ಆಧಾರದ ಮೇಲೆ ರಿಯಾಯಿತಿ ಪಡೆಯುವ ದಾರಿ ಇದೆ, ನಿಜ: ಸ್ನಾನ, ಉಡುಪು, ಊಟ, ಶೌಚ, ಓಡಾಟ, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ಇಂಥ ನಿತ್ಯಕರ್ಮಗಳಲ್ಲಿ ಒಂದಕ್ಕಾದರೂ ಬೇರೆಯವರ ಸಹಾಯ ಬೇಕೆಂದು ವೈದ್ಯರು ದೃಢೀಕರಿಸಬೇಕು. ಇದು ಒಳ್ಳೆಯ ಏರ್ಪಾಡು, ಇಡೀ ಪದ್ಧತಿಯಲ್ಲಿ ಅಗತ್ಯವನ್ನು ನೇರವಾಗಿ ಅಳೆಯುವ ಭಾಗ ಇದೊಂದೇ. ಆದರೆ ಮುಪ್ಪಿನ ದೌರ್ಬಲ್ಯ ಹೀಗೆ ಅರ್ಜಿಯ ಖಾನೆಗಳಿಗೆ ಹೊಂದಿಕೊಂಡು ಬರುವುದಿಲ್ಲ. ತಾನೇ ಸ್ನಾನ ಮಾಡಬಲ್ಲ ಮುದುಕಿ ಬಚ್ಚಲಲ್ಲಿ ಜಾರಿಬೀಳುವ ಭಯವಿರುವುದರಿಂದಲೇ ಮನೆಯಲ್ಲಿ ಇನ್ನೊಬ್ಬರು ಇರಬೇಕಾಗುತ್ತದೆ.

ಲೆವಿಯ ಸಮರ್ಥನೆಗೆ ಸರ್ಕಾರ ಕೊಡುವ ಕಾರಣ ಸ್ಪಷ್ಟವಾಗಿದೆ: ಇದು ವಿದೇಶಿ ಕೆಲಸಗಾರರ ಬೇಡಿಕೆಯನ್ನು ಬೆಲೆಯ ಮೂಲಕ ಹತೋಟಿಯಲ್ಲಿಡುವ ಸಾಧನ. ಪುಟ್ಟ ದ್ವೀಪ, ಇಕ್ಕಟ್ಟಿನ ಜಾಗ, ಹೊರಗಿನಿಂದ ಬರುವ ಪ್ರತಿಯೊಬ್ಬರಿಗೂ ಸಾರಿಗೆಯಿಂದ ಆಸ್ಪತ್ರೆಯವರೆಗೆ ಅನುಕೂಲ ಒದಗಿಸಬೇಕು. ಆದ್ದರಿಂದ ನಿಜವಾಗಿ ಬೇಕಾದವರು ಮಾತ್ರ ನೇಮಿಸಿಕೊಳ್ಳಲಿ ಎಂಬ ವಾದ. 2018ರ ಬಜೆಟ್‌ನಲ್ಲಿ ದರ ಏರಿಕೆಯನ್ನು ಆಗಿನ ಹಣಕಾಸು ಸಚಿವ ಹೆಂಗ್ ಸ್ವೀ ಕೀಟ್ ಪ್ರಕಟಿಸಿದಾಗಲೂ ಬೇಡಿಕೆ ಅಗತ್ಯಕ್ಕೆ ತಕ್ಕಂತಿರಲಿ ಎಂಬುದೇ ಆಧಾರವಾಗಿತ್ತು. ಈ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬೆಲೆ ಏರಿದ ಮೇಲೆ ಏನಾಯಿತು ಎಂಬುದನ್ನೂ ನೋಡಬೇಕಲ್ಲ. 2019ರ ಕೊನೆಯಲ್ಲಿ ಸಿಂಗಪುರದಲ್ಲಿ ಸುಮಾರು 2.6 ಲಕ್ಷ ವಿದೇಶಿ ಮನೆಕೆಲಸದವರಿದ್ದರು. ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿದಾಗ ಆ ಸಂಖ್ಯೆ ಕುಸಿಯಿತು, ಗಡಿ ತೆರೆದ ಮೇಲೆ ಮತ್ತೆ ಏರಿ 2023ರ ಕೊನೆಗೆ 2.8 ಲಕ್ಷವನ್ನು ದಾಟಿತು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳಲು ಜನ ಬೇಕಾದ ಮನೆ, ಲೆವಿ 35 ಡಾಲರ್ ಹೆಚ್ಚಾಯಿತೆಂದು ಆ ನಿರ್ಧಾರದಿಂದ ಹಿಂದೆ ಸರಿಯುವುದಿಲ್ಲ. ಬೇರೆ ಖರ್ಚು ಕಡಿಮೆ ಮಾಡಿ ಅದನ್ನು ಕಟ್ಟುತ್ತದೆ. ಎರಡನೆಯವರಿಗೆ 450 ವಿಧಿಸುವುದರಲ್ಲಿ ಮಾತ್ರ ಹತೋಟಿಯ ವಾದಕ್ಕೆ ಹೆಚ್ಚು ಅರ್ಥವಿದೆ, ಏಕೆಂದರೆ ವಯಸ್ಸಾದವರಾಗಲಿ ಚಿಕ್ಕ ಮಕ್ಕಳಾಗಲಿ ಇಲ್ಲದ ಮನೆಗೆ ಇಬ್ಬರು ಬೇಕೆಂಬುದು ಬಹುಮಟ್ಟಿಗೆ ಅನುಕೂಲದ ಮಾತು. ಆ ಭಾಗವನ್ನು ನಾನು ಒಪ್ಪುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಈ ಲೆವಿ ಆದಾಯವನ್ನು ಕಣ್ಣೆತ್ತಿಯೂ ನೋಡದಿರುವುದು. ತಿಂಗಳಿಗೆ 25,000 ಡಾಲರ್ ಬರುವ ಮನೆಗೂ 5,000 ಬರುವ ಮನೆಗೂ ಒಂದೇ ದರ. ಮೊದಲಿನವರಿಗೆ 300 ಎಂದರೆ ಆದಾಯದ ಶೇ 1.2, ಎರಡನೆಯವರಿಗೆ ಶೇ 6. ಇದೇ ಸರ್ಕಾರ ಮನೆಯಲ್ಲಿ ಆರೈಕೆ ಮಾಡುವವರಿಗೆ ಸಹಾಯಧನ ಕೊಡುವಾಗ ಎಚ್ಚರದಿಂದ ಅಳೆಯುತ್ತದೆ. 2019ರಲ್ಲಿ ತಿಂಗಳಿಗೆ 200 ಡಾಲರ್‌ನಿಂದ ಆರಂಭವಾಗಿ 2023ರಲ್ಲಿ ಗರಿಷ್ಠ 400ಕ್ಕೆ ಏರಿದ ಗೃಹ ಆರೈಕೆ ಅನುದಾನವನ್ನು ಕುಟುಂಬದ ತಲಾ ಆದಾಯ ನೋಡಿಯೇ ಕೊಡಲಾಗುತ್ತದೆ, ನಿತ್ಯಕರ್ಮಗಳಲ್ಲಿ ಮೂರಕ್ಕಾದರೂ ನೆರವು ಬೇಕಾದವರಿರಬೇಕು ಎಂಬ ಷರತ್ತೂ ಇದೆ. ಕೊಡುವಾಗ ಆದಾಯ ಲೆಕ್ಕ ಹಾಕಬಲ್ಲ ಆಡಳಿತಕ್ಕೆ ತೆಗೆದುಕೊಳ್ಳುವಾಗ ಲೆಕ್ಕ ಹಾಕುವುದು ಅಸಾಧ್ಯವೆಂದು ನಂಬಲು ಕಾರಣವಿಲ್ಲ. ಅಂಕಿಅಂಶವೂ ಇದೆ, ಯಂತ್ರವೂ ಇದೆ, ಬೇಕಿರುವುದು ಮನಸ್ಸು.

ಆದಾಯ ತೆರಿಗೆಯಲ್ಲಿ ಹಿಂದೆ ಇದ್ದ ಒಂದು ವಿನಾಯಿತಿಯ ಕತೆಯನ್ನೂ ಇಲ್ಲಿ ಹೇಳಬೇಕು. ದುಡಿಯುವ ವಿವಾಹಿತ ಮಹಿಳೆ, ಅಥವಾ ಮಕ್ಕಳಿರುವ ವಿಧವೆ ಇಲ್ಲವೇ ವಿಚ್ಛೇದಿತೆ, ತಾನು ಕಟ್ಟಿದ ಲೆವಿಯ ಎರಡು ಪಟ್ಟನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆದುಕೊಳ್ಳಬಹುದಿತ್ತು. ಪೂರ್ತಿ ದರ ಕಟ್ಟುವವಳಿಗೆ ಇದು 7,200 ಡಾಲರ್‌ಗಳ ಕಡಿತ. ಹೆಣ್ಣುಮಕ್ಕಳು ಕೆಲಸ ಬಿಡದಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಇಂಥ ಕಡಿತಗಳ ಸ್ವಭಾವವೇ ಹಾಗೆ: ಹೆಚ್ಚಿನ ತೆರಿಗೆ ದರದಲ್ಲಿರುವವಳಿಗೆ ಹೆಚ್ಚು ಉಳಿತಾಯ, ತೆರಿಗೆಯೇ ಬಾರದಷ್ಟು ಸಂಬಳದವಳಿಗೆ ಶೂನ್ಯ. ಮುದುಕ ತಂದೆಯನ್ನು ನೋಡಿಕೊಳ್ಳುವ ಅವಿವಾಹಿತೆಗೂ ಇಲ್ಲ, ಗಂಡಸರಿಗೂ ಇಲ್ಲ. 2025ರ ತೆರಿಗೆ ನಿರ್ಧಾರಣಾ ವರ್ಷದಿಂದ, ಅಂದರೆ 2024ರ ಜನವರಿಯಿಂದ ಕಟ್ಟಿದ ಲೆವಿಗೆ, ಈ ವಿನಾಯಿತಿ ನಿಂತುಹೋಯಿತು. ನಿಲ್ಲಿಸಿದ್ದು ತಪ್ಪೆಂದು ನಾನು ಹೇಳಲಾರೆ, ಅದು ಉಳ್ಳವರ ಕಡೆಗೆ ವಾಲಿತ್ತು. ಆದರೆ ವಾಲಿದ ವಿನಾಯಿತಿಯನ್ನು ತೆಗೆದವರು ಅದರ ಮೂಲವಾದ ಒಂದೇ ದರದ ಲೆವಿಯನ್ನು ಹಾಗೆಯೇ ಉಳಿಸಿದರು. ಇದರಿಂದ ಪೆಟ್ಟು ಬಿದ್ದದ್ದು ತೆರಿಗೆ ಕಟ್ಟುವಷ್ಟು ದುಡಿದರೂ ರಿಯಾಯಿತಿಗೆ ಅರ್ಹರಲ್ಲದ ಮಧ್ಯಮ ವರ್ಗದ ಹೆಂಗಸರಿಗೆ.

ಇನ್ನು ಆ ಹೆಣ್ಣುಮಗಳ ಕಡೆಯಿಂದ ನೋಡೋಣ, ಏಕೆಂದರೆ ಲೆವಿಯ ಚರ್ಚೆಯಲ್ಲಿ ಸಾಮಾನ್ಯವಾಗಿ ಆಕೆಯೇ ಕಾಣೆಯಾಗುತ್ತಾಳೆ. ಲೆವಿಯನ್ನು ಆಕೆಯ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ ಎಂದು ಕಾನೂನಿದೆ. ಇದು ಅತ್ಯಗತ್ಯವಾದ ರಕ್ಷಣೆ. ಆದರೆ ಆಕೆಯ ಹೆಸರಿನಲ್ಲಿ ಸಂಗ್ರಹವಾಗುವ ಹಣದಲ್ಲಿ ಆಕೆಗೆಂದು ಮೀಸಲಾದ ಪಾಲು ಒಂದು ಸೆಂಟೂ ಇಲ್ಲ. ಅದು ಸರ್ಕಾರದ ಒಟ್ಟು ಬೊಕ್ಕಸಕ್ಕೆ ಸೇರುತ್ತದೆ. ಆಕೆಯ ವೈದ್ಯಕೀಯ ವಿಮೆ ಲೆವಿಯಿಂದ ಬರುವುದಿಲ್ಲ. 2023ರ ಜುಲೈಯಿಂದ ಕನಿಷ್ಠ ರಕ್ಷಣೆಯ ಮೊತ್ತವನ್ನು 15,000ದಿಂದ 60,000 ಡಾಲರ್‌ಗೆ ಏರಿಸಿದಾಗ ಹೆಚ್ಚಿದ ಕಂತನ್ನು ಕಟ್ಟಿದವರು ಉದ್ಯೋಗದಾತರು. ಆರು ತಿಂಗಳಿಗೊಮ್ಮೆ ನಡೆಯುವ ವೈದ್ಯಕೀಯ ತಪಾಸಣೆಯ ಖರ್ಚೂ ಅವರದೇ, 5,000 ಡಾಲರ್‌ಗಳ ಭದ್ರತಾ ಬಾಂಡಿನ ಜವಾಬ್ದಾರಿಯೂ ಅವರದೇ. ಹಾಗಾದರೆ ಲೆವಿ ಯಾವ ಸೇವೆಯ ಶುಲ್ಕ ಎಂದು ಕೇಳಿದರೆ ಸಿಗುವ ಪ್ರಾಮಾಣಿಕ ಉತ್ತರ, ಅದು ಸೇವೆಯ ಶುಲ್ಕವೇ ಅಲ್ಲ, ಅನುಮತಿಯ ಬೆಲೆ ಎಂಬುದು.

ಸಿಂಗಪುರದಲ್ಲಿ ಮನೆಕೆಲಸದವರಿಗೆ ಶಾಸನಬದ್ಧ ಕನಿಷ್ಠ ವೇತನವಿಲ್ಲ, ಉದ್ಯೋಗ ಕಾಯ್ದೆಯ ವ್ಯಾಪ್ತಿಗೂ ಅವರು ಬರುವುದಿಲ್ಲ. ಕಳಿಸಿಕೊಡುವ ಕೆಲವು ದೇಶಗಳು ತಮ್ಮ ಕಡೆಯಿಂದ ಒಂದು ತಳಮಟ್ಟವನ್ನು ಗೊತ್ತುಮಾಡಿವೆ, ಅಷ್ಟೇ. ಹೊಸದಾಗಿ ಬಂದವಳ ಸಂಬಳ 600 ಡಾಲರ್ ಎಂದುಕೊಂಡರೆ ಪೂರ್ತಿ ದರದ ಲೆವಿ ಅದರ ಅರ್ಧ. ಇಲ್ಲಿಯ ಏಜೆನ್ಸಿಗಳು ಕೆಲಸಗಾರಳಿಂದ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ ಎಂಬ ನಿಯಮವಿದ್ದರೂ, ಊರಿನಲ್ಲಿ ತರಬೇತಿ, ಪ್ರಯಾಣ, ದಲ್ಲಾಳಿ ಎಂದು ಆದ ಸಾಲ ಅದರ ಮೇಲೆ ಕೂಡಿಕೊಳ್ಳುತ್ತದೆ. ಪರಿಚಿತರೊಬ್ಬರ ಮನೆಯಲ್ಲಿ ಸಂಬಳದ ಪುಸ್ತಕಕ್ಕೆ ಸಹಿ ಹಾಕಿಸುವುದನ್ನು ಹತ್ತಿರದಿಂದ ಕಂಡಿದ್ದೇನೆ. ಊಟದ ಮೇಜಿನ ಮೇಲೆ ಉದ್ದನೆಯ ಪುಸ್ತಕ. ಸಂಬಳದ ಸಾಲಿನಲ್ಲಿ ಪೂರ್ತಿ ಮೊತ್ತ, ಅದರ ಪಕ್ಕದ ಸಾಲಿನಲ್ಲಿ ಸಾಲದ ಕಂತು, ಕೊನೆಯ ಸಾಲಿನಲ್ಲಿ ಕೈಗೆ ಬಂದದ್ದು ಕೆಲವೇ ಹತ್ತುಗಳು. ಆಕೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದು, ನೋಟುಗಳನ್ನು ನಾಲ್ಕಾಗಿ ಮಡಿಸಿ ಮೊಬೈಲಿನ ಕವರಿನೊಳಗೆ ಇಟ್ಟುಕೊಂಡಳು. ಅದೇ ತಿಂಗಳು ಅದೇ ಮನೆಯಿಂದ ಸರ್ಕಾರಕ್ಕೆ 300 ಡಾಲರ್ ಹೋಗಿತ್ತು. ದುಡಿದವಳಿಗಿಂತ ಆಕೆ ದುಡಿಯಲು ಅನುಮತಿ ಕೊಟ್ಟವರಿಗೆ ಹೆಚ್ಚು ಸಂದಾಯವಾಗುವ ತಿಂಗಳುಗಳು ಇರುವ ಪದ್ಧತಿಯನ್ನು ನ್ಯಾಯವಾದದ್ದು ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಮುರಿದುಕೊಳ್ಳಬಾರದು ಎಂಬ ಕಾನೂನಿದ್ದರೂ ಲೆವಿಯ ಭಾರ ಕೊನೆಗೆ ಕೆಲಸಗಾರಳ ಕಡೆಗೇ ಜಾರುವುದುಂಟು, ಏಕೆಂದರೆ ಕುಟುಂಬವೊಂದು ಈ ಕೆಲಸಕ್ಕೆ ತೆಗೆದಿಡುವ ಹಣ ಒಟ್ಟು ಒಂದೇ. ಸಾವಿರ ಡಾಲರ್ ಖರ್ಚು ಮಾಡಬಲ್ಲ ಮನೆ ಅದರಲ್ಲಿ 300 ಸರ್ಕಾರಕ್ಕೆ ಹೋಗುತ್ತದೆಂದು ತಿಳಿದೇ ಸಂಬಳದ ಮಾತಿಗೆ ಕೂರುತ್ತದೆ. ಇದು ಬರೀ ಊಹೆಯಲ್ಲ ಎಂಬುದನ್ನು ಹಾಂಗ್‌ಕಾಂಗ್‌ನ ಉದಾಹರಣೆ ತೋರಿಸುತ್ತದೆ. ಅಲ್ಲಿ ಮನೆಕೆಲಸದವರಿಗೆ ಸರ್ಕಾರವೇ ನಿಗದಿ ಮಾಡುವ ಕನಿಷ್ಠ ವೇತನವಿದೆ. 2003ರ ಏಪ್ರಿಲ್‌ನಿಂದ ಮಾಡಿಕೊಳ್ಳುವ ಕರಾರುಗಳಿಗೆ ಆ ವೇತನವನ್ನು 3,670 ಹಾಂಗ್‌ಕಾಂಗ್ ಡಾಲರ್‌ನಿಂದ 3,270ಕ್ಕೆ, ಅಂದರೆ 400 ಡಾಲರ್‌ನಷ್ಟು ಇಳಿಸಿದರು. ಅದೇ ವರ್ಷದ ಅಕ್ಟೋಬರ್‌ನಿಂದ ಉದ್ಯೋಗದಾತರ ಮೇಲೆ ತಿಂಗಳಿಗೆ 400 ಡಾಲರ್ ಲೆವಿ ಹಾಕಿದರು. ಎರಡು ವರ್ಷದ ಕರಾರಿಗೆ 9,600 ಡಾಲರ್. ಸ್ಥಳೀಯ ಕೆಲಸಗಾರರ ಮರುತರಬೇತಿಗೆಂದು ಆ ಹಣ. ಉದ್ಯೋಗದಾತರ ಒಟ್ಟು ಖರ್ಚು ಇದ್ದಲ್ಲೇ ಇತ್ತು, ಸರ್ಕಾರಕ್ಕೆ ಆದಾಯವಾಯಿತು, ನಡುವಿನ 400 ಡಾಲರ್ ಬಂದದ್ದು ಫಿಲಿಪೀನ್ಸ್, ಇಂಡೊನೇಷ್ಯಾಗಳ ಹಳ್ಳಿಗಳಿಗೆ ಹೋಗಬೇಕಿದ್ದ ಹಣದಿಂದ. 2008ರ ಆಗಸ್ಟ್‌ನಲ್ಲಿ ಆ ಲೆವಿಯನ್ನು ಅಮಾನತಿನಲ್ಲಿಟ್ಟು, 2013ರಲ್ಲಿ ರದ್ದು ಮಾಡಿದರು. ಕನಿಷ್ಠ ವೇತನ ಮತ್ತೆ 3,670ನ್ನು ದಾಟಲು ಮಾತ್ರ 2011ರವರೆಗೆ ಕಾಯಬೇಕಾಯಿತು. ಲೆವಿ ರದ್ದಾದ ಮೇಲೂ ಅಲ್ಲಿನ ಮನೆಗಳಲ್ಲಿ ಹೊರದೇಶದವರ ಕೆಲಸ ನಡೆಯುತ್ತಲೇ ಇದೆ, ಆ ನಗರವೇನೂ ಉಸಿರುಕಟ್ಟಿ ನಿಂತಿಲ್ಲ.

ತೈವಾನಿನಲ್ಲೂ ಉದ್ಯೋಗ ಭದ್ರತಾ ಶುಲ್ಕವೆಂಬ ಹೆಸರಿನಲ್ಲಿ ಇಂಥದೇ ವಸೂಲಿ ಇದೆ. ಅಲ್ಲಿ ರೋಗಿಗಳನ್ನು, ವೃದ್ಧರನ್ನು ನೋಡಿಕೊಳ್ಳಲು ಬರುವವರಿಗೂ ಸಾಧಾರಣ ಮನೆಗೆಲಸಕ್ಕೆ ಬರುವವರಿಗೂ ಬೇರೆ ಬೇರೆ ದರ, ಆರೈಕೆಯ ದರ ತೀರ ಕಡಿಮೆ. ಬಡ ಕುಟುಂಬಗಳಿಗೆ ವಿನಾಯಿತಿಯೂ ಇದೆ. ಸಂಗ್ರಹವಾದ ಹಣ ಉದ್ಯೋಗಕ್ಕೆ ಸಂಬಂಧಿಸಿದ ಪ್ರತ್ಯೇಕ ನಿಧಿಗೆ ಹೋಗುತ್ತದೆ. ಕೆಲಸದ ಸ್ವರೂಪ ನೋಡಿ ದರ ಕಟ್ಟುವುದು ಆಡಳಿತಕ್ಕೆ ಆಗದ ಕೆಲಸವೇನಲ್ಲ ಎಂಬುದಕ್ಕೆ ಈ ಉದಾಹರಣೆ ಸಾಕು.

ಲೆವಿಯನ್ನು ಪೂರ್ತಿ ತೆಗೆದುಹಾಕಿದರೆ ಆ ಹಣ ಕೆಲಸಗಾರರಿಗೆ ತಲುಪುತ್ತದೆಯೇ, ಏಜೆನ್ಸಿಗಳ ಕಿಸೆ ಸೇರುತ್ತದೆಯೇ ಎಂಬ ಅನುಮಾನವನ್ನು ಕೆಲವರು ಎತ್ತುತ್ತಾರೆ. ಅನುಮಾನ ಸಕಾರಣವಾದದ್ದು. ಕನಿಷ್ಠ ವೇತನವಿಲ್ಲದ ಕಡೆ ಲೆವಿಯನ್ನು ಬರೀ ರದ್ದು ಮಾಡಿದರೆ ಲಾಭದ ದೊಡ್ಡ ಪಾಲು ನಮ್ಮಂಥ ಉದ್ಯೋಗದಾತರಿಗೂ ಮಧ್ಯವರ್ತಿಗಳಿಗೂ ಹೋಗುವ ಸಂಭವವೇ ಹೆಚ್ಚು. ಆದ್ದರಿಂದ ರದ್ದು ಮಾಡಿ ಎಂಬ ಕೂಗಿಗೆ ನಾನು ದನಿಗೂಡಿಸುವುದಿಲ್ಲ. ಹಾಗೆಯೇ, ಪೂರ್ತಿ ದಿನದ ಕೆಲಸದವರು ಬೇಡದ ಮನೆಗಳಿಗೆ 2017ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2021ರಲ್ಲಿ ಕಾಯಂ ಆದ ಗೃಹಸೇವಾ ಯೋಜನೆ ಇದೆ. ಕಂಪನಿಗಳೇ ವಿದೇಶಿ ಮಹಿಳೆಯರನ್ನು ನೇಮಿಸಿಕೊಂಡು ಗಂಟೆಯ ಲೆಕ್ಕದಲ್ಲಿ ಮನೆಗಳಿಗೆ ಕಳಿಸುತ್ತವೆ. ನೆಲ ಒರೆಸಲು, ಬಟ್ಟೆ ಇಸ್ತ್ರಿ ಮಾಡಲು ಅದು ಸಾಕು. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುವ ಕೆಲಸ ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ, ಮತ್ತು ಲೆವಿ ಅತಿ ಹೆಚ್ಚು ಭಾರವಾಗುವುದು ಅಂಥ ಕೆಲಸ ಬೇಕಾದ, ರಿಯಾಯಿತಿಯ ಗೆರೆಯ ಆಚೆ ಬಿದ್ದ ಮನೆಗಳಿಗೇ.

ಈ ದೃಷ್ಟಿಯಿಂದ ಲೆವಿಗೆ ನನ್ನ ಮೌಲ್ಯಮಾಪನ ಎರಡು ಭಾಗವಾಗಿ ಒಡೆಯುತ್ತದೆ. ವಸೂಲಿಯ ಶಿಸ್ತು, ನಿಯಮಗಳ ಸ್ಪಷ್ಟತೆ, ರಜೆ ಮತ್ತು ಆಸ್ಪತ್ರೆಯ ದಿನಗಳ ಮನ್ನಾ, ಇವುಗಳಿಗೆ ಐದಕ್ಕೆ ಐದು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ನ್ಯಾಯದ ವಿಷಯದಲ್ಲಿ ಐದಕ್ಕೆ ಎರಡು, ಅದೂ 60 ಡಾಲರ್ ರಿಯಾಯಿತಿ ಮತ್ತು ಅಂಗವಿಕಲರ ಯೋಜನೆ ಇರುವುದರಿಂದ. ರಿಯಾಯಿತಿಗೆ ಅರ್ಹರಾಗಿದ್ದೂ ಅರ್ಜಿ ಹಾಕದವರು ನಮ್ಮವರಲ್ಲೇ ಇದ್ದಾರೆ. ಮಕ್ಕಳ ಮತ್ತು ಹಿರಿಯರ ವಿಷಯದಲ್ಲಿ ದಾಖಲೆಗಳು ಸರಿಯಿದ್ದರೆ ಕೆಲಸ ಸುಲಭ, ಅಂಗವೈಕಲ್ಯದ ವಿಷಯದಲ್ಲಿ ವೈದ್ಯರಿಂದ ಮೌಲ್ಯಮಾಪನ ಮಾಡಿಸಿ ಅರ್ಜಿ ಸಲ್ಲಿಸಬೇಕು. ಮನೆಯಲ್ಲಿ ವಯಸ್ಸಾದವರಿದ್ದು ಸ್ನಾನಕ್ಕೋ ನಡೆದಾಡಲಿಕ್ಕೋ ನೆರವು ಬೇಕಾಗುತ್ತಿದ್ದರೆ 67 ತುಂಬಲಿ ಎಂದು ಕಾಯದೆ ಈಗಲೇ ವೈದ್ಯರನ್ನು ಕಾಣುವುದು ಒಳಿತು.

ಬದಲಾವಣೆ ಕೇಳುವುದಾದರೆ ನಾನು ಕೇಳುವುದು ಹೆಚ್ಚಿಲ್ಲ. ಆರೈಕೆ ಬೇಕಾದ ವ್ಯಕ್ತಿ ಕಾನೂನುಬದ್ಧವಾಗಿ ಇದೇ ಮನೆಯಲ್ಲಿ ವಾಸಿಸುತ್ತಿದ್ದರೆ ಮತ್ತು ವೈದ್ಯರು ಅದನ್ನು ದೃಢೀಕರಿಸಿದರೆ, ಅವರ ಪಾಸಿನ ಬಣ್ಣ ಯಾವುದೇ ಇರಲಿ, ಪೂರ್ತಿ 60 ಅಲ್ಲದಿದ್ದರೂ ನಡುವಿನ ಒಂದು ದರವಾದರೂ ಸಿಗಬೇಕು. ಅನುದಾನಕ್ಕೆ ಬಳಸುವ ತಲಾ ಆದಾಯದ ಲೆಕ್ಕವನ್ನೇ ಲೆವಿಗೂ ಅನ್ವಯಿಸಿ, ಮೇಲಿನ ಆದಾಯದವರಿಂದ, ಹದಿನೈದರ ಮಗಳಿರುವ ನಮ್ಮಂಥವರಿಂದಲೂ, ಹೆಚ್ಚು ಪಡೆದು ಕೆಳಗಿನವರ ಹೊರೆಯನ್ನು ಇಳಿಸಬೇಕು. ಹಾಗೆ ಮಾಡಿದರೆ ನಮ್ಮ ಮನೆಯ ಲೆವಿ ಏರುತ್ತದೆ. ಅದನ್ನು ಕಟ್ಟಲು ನಾವು ಸಿದ್ಧರಿದ್ದೇವೆ. ಕೊನೆಯದಾಗಿ, ಪ್ರತಿ ತಿಂಗಳ ಲೆವಿಯಲ್ಲಿ ಒಂದು ಪಾಲನ್ನು ಆ ಕೆಲಸಗಾರಳ ಹೆಸರಿನ ಖಾತೆಯಲ್ಲೇ ಇಟ್ಟು, ಕರಾರು ಮುಗಿಸಿ ತವರಿಗೆ ಹೊರಡುವ ದಿನ ಬಡ್ಡಿಸಮೇತ ಆಕೆಯ ಕೈಗೆ ಕೊಡಬೇಕು. ತಿಂಗಳಿಗೆ 50 ಡಾಲರ್ ತೆಗೆದಿಟ್ಟರೂ ಎರಡು ವರ್ಷದ ವರ್ಕ್ ಪರ್ಮಿಟ್ ಮುಗಿಯುವ ಹೊತ್ತಿಗೆ 1,200 ಡಾಲರ್ ಆಗುತ್ತದೆ. ಬಂದ ಹೊಸದರಲ್ಲಿ ಸಾಲದ ಕಂತಿಗೆ ಹೋದ ಎರಡು ತಿಂಗಳ ಸಂಬಳವಾದರೂ ಆಕೆಗೆ ಹಿಂದಿರುಗಿ ಬಂದಂತಾಗುತ್ತದೆ.